ಉಪ್ಪು ನೀರಿನ ಬಾವಿಗಳ ನಡುವೆ ಆರೋಗ್ಯದ ಕೆಲಸ: ನನ್ನ ಅನುಭವ

ನಾನು ನರ್ಸ್. ಕಡಲತೀರದ ಬಡ ಊರುಗಳಲ್ಲಿ ಸ್ವಯಂಸೇವಕರನ್ನು ಜೊತೆಗೆ ಕಟ್ಟಿಕೊಂಡು ಕೆಲಸ ಮಾಡುತ್ತಾ ಬಂದಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು, "ಶಿಬಿರ ಯಾವಾಗ ಇಟ್ಟುಕೊಳ್ಳೋಣ?" ಅಂತ. ಶಿಬಿರ ಆಮೇಲೆ ನೋಡೋಣ, ಮೊದಲು ಮನೆಮನೆಯ ಕುಡಿಯುವ ನೀರು ನೋಡಿ ಬನ್ನಿ ಅನ್ನುತ್ತೇನೆ.

ತೀರದ ಬಾವಿಗಳಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ತೆಳ್ಳಗೆ ನಿಂತಿರುತ್ತದೆ. ಸೇದುವುದು ಜಾಸ್ತಿಯಾದಂತೆ ಅಡಿಯ ಉಪ್ಪು ಮೇಲೆ ಬರುತ್ತದೆ. ಆಗ ಜನ ದೂರದಿಂದ ನೀರು ತರಿಸಿ ಡ್ರಮ್ಮುಗಳಲ್ಲಿ ತುಂಬಿಡುತ್ತಾರೆ. ಆ ನೀರಿಗೆ ಕೈ ಅದ್ದಿದರೆ ಭೇದಿ ಶುರು. ಮುಚ್ಚದೆ ಬಿಟ್ಟರೆ ಡೆಂಗಿ ಸೊಳ್ಳೆ. ತರಿಸಿಕೊಳ್ಳಲು ಕೈಲಾಗದವರು ಉಪ್ಪು ಬಾವಿಯ ನೀರನ್ನೇ ಕುಡಿಯುತ್ತಾರೆ, ಅದರ ಜೊತೆಗೆ ಬಿಪಿಯ ಚಿಂತೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರಲ್ಲೇ ಉಪ್ಪಿದ್ದರೆ ಆ ಲೆಕ್ಕ ಊಟಕ್ಕೆ ಮೊದಲೇ ತಪ್ಪುತ್ತದೆ. ಬಾಂಗ್ಲಾದೇಶದ ಕರಾವಳಿಯಲ್ಲಿ ಗರ್ಭಿಣಿಯರ ಮೇಲೆ ನಡೆದ ಅಧ್ಯಯನಗಳು ಕುಡಿಯುವ ನೀರಿನ ಉಪ್ಪಿಗೂ ಬಸುರಿಯರ ಬಿಪಿಗೂ ನಂಟಿರುವುದನ್ನು ತೋರಿಸಿವೆ. ಭೇದಿಗೊಂದು, ಸೊಳ್ಳೆಗೊಂದು, ಬಿಪಿಗೊಂದು ಅಂತ ಬೇರೆ ಬೇರೆ ತಂಡ ಮಾಡುವ ಬದಲು ನಾನು ನೀರಿನಿಂದ ಶುರು ಮಾಡುವುದು ಇದಕ್ಕೇ.

ಸ್ವಯಂಸೇವಕರನ್ನು ಆರಿಸುವಾಗ ಓದು ಎಷ್ಟಾಗಿದೆ ಎಂದು ನೋಡುವುದಿಲ್ಲ. ಆ ಬೀದಿಯಲ್ಲೇ ಮನೆ ಇರಬೇಕು, ಪಕ್ಕದ ಮನೆಯವರು ಅಡುಗೆಮನೆವರೆಗೂ ಬಿಟ್ಟುಕೊಳ್ಳಬೇಕು. ಅಷ್ಟಿದ್ದರೆ ಉಳಿದದ್ದನ್ನು ಕಲಿಸಬಹುದು. ಒಬ್ಬೊಬ್ಬರಿಗೆ ಸುಮ್ನೆ ಹತ್ತು ಕೆಲಸ ಹೊರಿಸುವುದಿಲ್ಲ. ಒಂದು ಅಳತೆ, ಆ ಅಳತೆ ನೋಡಿ ಮಾಡಬೇಕಾದ ಒಂದು ಕೆಲಸ. ನನ್ನ ನೋಟ್‌ಬುಕ್ಕಿನಲ್ಲಿ ಕೊನೆಯ ಕಾಲಂ ಯಾವಾಗಲೂ 'ಮುಂದೇನು?' ಅಂತಲೇ ಇರುತ್ತದೆ. ಆ ಕಾಲಂ ಖಾಲಿ ಬಿಡುವುದಾದರೆ ಅಳೆಯಲೇಬೇಡಿ ಅನ್ನುತ್ತೇನೆ. ಬಿಪಿ ಜಾಸ್ತಿ ಇದೆ ಅಂತ ಹೇಳಿ ಹೊರಟುಹೋದರೆ ಆ ಮನುಷ್ಯನಿಗೆ ಸಿಕ್ಕಿದ್ದು ಹೆದರಿಕೆ ಮಾತ್ರ, ಅಲ್ವಾ?

ನೀರಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಜನ ಅವಸರ ಮಾಡುವುದು ಇಲ್ಲೇ. ನೀರಿನ ರೋಗಾಣು ಕೊಲ್ಲಲು ನಾವು ಹಾಕುವ ಬ್ಲೀಚಿಂಗ್ ಪೌಡರ್ ಕಡಲ ಗಾಳಿಯ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಚೀಲದ ಮೇಲೆ ಶೇ. 33 ಕ್ಲೋರಿನ್ ಎಂದು ಬರೆದಿದ್ದರೂ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಅಷ್ಟು ಉಳಿದಿರುವುದಿಲ್ಲ. ಹಾಗಾಗಿ ಸಣ್ಣ ಪೊಟ್ಟಣಗಳಲ್ಲೇ ತರಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆರಳಲ್ಲಿ ಇಡುತ್ತೇವೆ. ಹೊಸ ಪೌಡರ್ ಆದರೆ 30 ಗ್ರಾಂ ಒಂದು ಲೀಟರ್ ನೀರಿಗೆ ಹಾಕಿದಾಗ ಹೆಚ್ಚುಕಡಿಮೆ ಶೇ. 1ರ ದ್ರಾವಣ ಸಿಗುತ್ತದೆ. ಕಲಸಿ, ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸುತ್ತೇವೆ.

ಎಷ್ಟು ಹಾಕಬೇಕು ಎನ್ನುವುದನ್ನು ಪುಸ್ತಕ ಹೇಳುವುದಿಲ್ಲ, ಆ ನೀರೇ ಹೇಳಬೇಕು. ಒಂದೇ ಮೂಲದ ನೀರನ್ನು ನಾಲ್ಕು ಬಕೆಟ್‌ಗಳಲ್ಲಿ ಸಮನಾಗಿ ತುಂಬಿ, ತಿಳಿಯನ್ನು ಒಂದಕ್ಕಿಂತ ಒಂದಕ್ಕೆ ಹೆಚ್ಚಿಗೆ ಹಾಕುತ್ತೇವೆ. ಅರ್ಧ ಗಂಟೆ ಕಾದು ಪ್ರತಿಯೊಂದರಿಂದ ಸ್ವಲ್ಪ ನೀರನ್ನು ಪರೀಕ್ಷೆಯ ಕೊಳವೆಗೆ ಹಾಕಿ, ಕ್ಲೋರಿನ್ ಪತ್ತೆಹಚ್ಚುವ ಡಿಪಿಡಿ ಮಾತ್ರೆ ಪುಡಿ ಮಾಡಿ ಬೆರೆಸುತ್ತೇವೆ. ಕ್ಲೋರಿನ್ ಉಳಿದಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ ನೋಡಿ, ಲೀಟರಿಗೆ 0.5 ಮಿಲಿಗ್ರಾಂ ಆಸುಪಾಸು ತೋರಿಸಿದ ಬಕೆಟ್ಟಿನ ಲೆಕ್ಕವನ್ನೇ ಹಿಡಿಯುತ್ತೇವೆ. ಕುಡಿಯುವ ಹೊತ್ತಿಗೆ ಮನೆಯ ಪಾತ್ರೆಯಲ್ಲಿ 0.2ಕ್ಕಿಂತ ಕೆಳಗಿಳಿದಿರಬಾರದು. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ದರೆ ಆ ಕೆಸರೇ ಕ್ಲೋರಿನ್ನನ್ನು ತಿಂದುಬಿಡುತ್ತದೆ.

ಈ ಪರೀಕ್ಷೆಯನ್ನು ಮನೆಯವರ ಕಣ್ಣೆದುರೇ ಮಾಡಬೇಕು. ಔಷಧದ ವಾಸನೆ ಅಂತ ಮೂಗು ಮುರಿಯುತ್ತಿದ್ದ ಒಬ್ಬ ಅಜ್ಜಿಗೆ ನಮ್ಮ ಹುಡುಗಿ ಎರಡು ಕೊಳವೆ ಹಿಡಿದು ತೋರಿಸಿದಳು. ಒಂದು ಅವರ ಮನೆಯದು, ಬಣ್ಣವೇ ಬಂದಿರಲಿಲ್ಲ. ಇನ್ನೊಂದು ಪಕ್ಕದ ಮನೆಯದು, ತೆಳು ಗುಲಾಬಿ. "ಅಜ್ಜಿ, ನಿಮ್ಮ ನೀರಿಗೆ ಕಾವಲು ಇಲ್ಲ ನೋಡಿ" ಎಂದಳು. ಅಜ್ಜಿ ಮರುಮಾತಾಡದೆ ಕೊಡ ತಂದು ಮುಂದಿಟ್ಟರು. ನಾನು ಎಷ್ಟು ಭಾಷಣ ಮಾಡಿದ್ದರೂ ಅದು ಆಗುತ್ತಿರಲಿಲ್ಲ.

ಇನ್ನು ಡ್ರಮ್ಮು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿ ಒಣಗಿಸಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕುತ್ತವೆ. ಚೆಲ್ಲುವುದಷ್ಟೇ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಗಸಗಸ ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗಲು ಬೆಚ್ಚನೆ ಹವೆಯಲ್ಲಿ 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಂದು ದಿನ ಇಡೀ ಬೀದಿ ಒಟ್ಟಿಗೆ ಡ್ರಮ್ಮು ಉಜ್ಜುತ್ತದೆ. ನೀರು ತರುವ ಹಿಂದಿನ ದಿನವನ್ನೇ ಇದಕ್ಕೆ ಇಟ್ಟುಕೊಂಡರೆ ಯಾರಿಗೂ ನೀರು ಹಾಳು ಮಾಡಿದ ಸಂಕಟ ಇರುವುದಿಲ್ಲ.

ಭೇದಿಯಾದಾಗ ಓಆರ್‌ಎಸ್, ಅಂದರೆ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿ. ಇದರಲ್ಲಿ ತೀರದ ಊರಿಗೇ ಸೇರಿದ ಒಂದು ಎಚ್ಚರಿಕೆ ಇದೆ. ಪೊಟ್ಟಣದ ಉಪ್ಪು, ಗ್ಲೂಕೋಸ್ ಎಲ್ಲ ಸಿಹಿನೀರಿನ ಲೆಕ್ಕಕ್ಕೆ ಅಳೆದಿಟ್ಟದ್ದು. ಉಪ್ಪು ಬಾವಿಯ ನೀರಲ್ಲಿ ಕಲಸಿದರೆ ಉಪ್ಪಿನಂಶ ಏರಿಬಿಡುತ್ತದೆ, ಮಗುವಿಗೆ ಅದು ಅಪಾಯ. 20.5 ಗ್ರಾಂನ ಪೊಟ್ಟಣ ಒಂದು ಲೀಟರ್ ಶುದ್ಧ ಸಿಹಿನೀರಿಗೆ, ಅದೂ ಪೂರ್ತಿ ಪೊಟ್ಟಣ. ಅರ್ಧ ಇವತ್ತು, ಅರ್ಧ ನಾಳೆ ಅಂತ ಮಾಡುವ ಹಾಗಿಲ್ಲ. ಪ್ರತಿ ಬೀದಿಯ ಸ್ವಯಂಸೇವಕರ ಮನೆಯಲ್ಲಿ ಲೀಟರ್ ಗೆರೆ ಹಾಕಿದ ಬಾಟಲಿ ಮತ್ತು ಮುಚ್ಚಿಟ್ಟ ಸಿಹಿನೀರು ಸದಾ ಇರುತ್ತದೆ. 1971ರಲ್ಲಿ ಬಾಂಗ್ಲಾದೇಶದಿಂದ ಭಾರತಕ್ಕೆ ಬಂದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಾಗ ಡಾ. ದಿಲೀಪ್ ಮಹಲನಾಬಿಸ್ ಸಲೈನ್ ಮುಗಿಯುತ್ತಾ ಬಂದಿದ್ದರಿಂದ ಇಂಥ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನಮ್ಮ ಸ್ವಯಂಸೇವಕರಿಗೆ ಈ ಕಥೆಯನ್ನು ನಾನು ಮರೆಯದೆ ಹೇಳುತ್ತೇನೆ. ಡಿಗ್ರಿ ಇಲ್ಲದವರ ಕೈಗಳು ಎಷ್ಟೊಂದು ಜೀವ ಉಳಿಸಿವೆ ಎಂದು ಅವರಿಗೆ ಗೊತ್ತಿರಬೇಕು. ಮಗುವಿನ ಕಣ್ಣು ಗುಳಿಬಿದ್ದು, ಕುಡಿಯಲೂ ಆಗದಷ್ಟು ಸುಸ್ತಾಗಿದ್ದರೆ ಮಾತ್ರ ಕಾಯುವ ಮಾತಿಲ್ಲ, ಸೀದಾ ಆಸ್ಪತ್ರೆಗೆ.

ಬಿಪಿ ನೋಡುವುದನ್ನು ದೋಣಿಗಳ ಸಮಯಕ್ಕೆ ಹೊಂದಿಸಿಕೊಂಡೆವು. ಬೆಳಗಿನ ಹತ್ತು ಗಂಟೆಗೆ ಮೇಜು ಹಾಕಿ ಕೂತರೆ ಗಂಡಸರು ಸಿಗುವುದೇ ಇಲ್ಲ. ಹಾಗಂತ ಬಲೆ ಎಳೆದು ಈಗಷ್ಟೇ ದಡ ಹತ್ತಿದವರ ತೋಳಿಗೆ ಪಟ್ಟಿ ಸುತ್ತುವುದೂ ಸರಿಯಲ್ಲ. ಅವರು ಮೀನು ಇಳಿಸಿ, ಬೆವರು ಆರಿದ ಮೇಲೆ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. 140/90 ದಾಟಿದರೆ ಇನ್ನೊಮ್ಮೆ ನೋಡಿ, ಬೇರೆ ದಿನ ಮತ್ತೆ ನೋಡಿ, ಆಮೇಲೆ ವೈದ್ಯರ ಬಳಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವುದು ಇದ್ದರೆ ಆಗಲೇ ಕರೆದೊಯ್ಯಬೇಕು. ದಿನಗಟ್ಟಲೆ ಕಡಲಿಗೆ ಹೋಗುವವರಿಗೆ ಮಾತ್ರೆಗಳನ್ನು ನೀರು ತಾಗದ ಡಬ್ಬಿಯಲ್ಲಿ, ಹಿಂತಿರುಗುವುದು ತಡವಾದರೂ ಸಾಲುವಷ್ಟು ಕಟ್ಟಿಕೊಡುತ್ತೇವೆ.

ಹೊರಗಿನಿಂದ ಬರುವ ವೈದ್ಯರು, ವಿದ್ಯಾರ್ಥಿಗಳು ನಮಗೆ ಬೇಕು. ಆದರೆ ಅವರ ಸಮಯವನ್ನು ಊರಿನ ಸ್ವಯಂಸೇವಕರಿಗೆ ಕಲಿಸಲು ಬಳಸಿಕೊಳ್ಳುತ್ತೇನೆ. ನಾಲ್ಕು ದಿನ ಇದ್ದು ಹೋಗುವವರು ಹೊಸ ಔಷಧ ಶುರು ಮಾಡುವುದಾದರೆ ಮುಂದೆ ನೋಡಿಕೊಳ್ಳುವ ವೈದ್ಯರು ಯಾರು ಎಂದು ಮೊದಲೇ ಗೊತ್ತಾಗಿರಬೇಕು. ಇನ್ನೊಂದು, ಊರಿನವರ ದುಡಿಮೆ ಪುಕ್ಕಟೆಯಲ್ಲ. ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಸಮುದಾಯ ಆರೋಗ್ಯ ಕಾರ್ಯಕರ್ತರ ಬಗ್ಗೆ ಹೇಳಿದೆ. ವಾರಕ್ಕೊಮ್ಮೆ ಬಂದು ಕೈಜೋಡಿಸುವವರಿಗೆ ಓಡಾಟದ, ಫೋನಿನ ಖರ್ಚಾದರೂ ಕೈಗೆ ಸಿಗಬೇಕು. ದಿನವೂ ದುಡಿಯುವವರನ್ನು ಸ್ವಯಂಸೇವಕಿ ಎಂದು ಕರೆದು ಸಂಬಳ ತಪ್ಪಿಸುವುದಕ್ಕೆ ನಾನು ಒಪ್ಪುವುದಿಲ್ಲ.

ಬಿರುಗಾಳಿಯ ಕಾಲಕ್ಕೆ ಮುಂಚೆ ನಾವು ಮಾಡುವುದು ಇಷ್ಟು. ಗರ್ಭಿಣಿಯರ, ಇನ್ಸುಲಿನ್ ತೆಗೆದುಕೊಳ್ಳುವವರ, ನಡೆಯಲಾಗದವರ ಪಟ್ಟಿಯನ್ನು ಪ್ರತಿ ಬೀದಿಗೆ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಬ್ಬರ ಮನೆಯಲ್ಲಿ ಇಡುತ್ತೇವೆ. ಓಆರ್‌ಎಸ್, ಕ್ಲೋರಿನ್, ಬಿಪಿ ಮಾತ್ರೆ ಎತ್ತರದ ಜಾಗಕ್ಕೆ ಹೋಗುತ್ತವೆ. ಕಡಲು ನುಗ್ಗಿದ ಬಾವಿಗೆ ಕ್ಲೋರಿನ್ ಹಾಕಿದರೆ ರೋಗಾಣು ಸಾಯಬಹುದು, ಉಪ್ಪು ಹೋಗುವುದಿಲ್ಲ. ಕುದಿಸಿದರಂತೂ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ನೀರು ಎಲ್ಲಿಂದ, ಯಾರ ವಾಹನದಲ್ಲಿ, ಯಾವ ಬೀದಿಗೆ ಮೊದಲು ಬರಬೇಕು ಎನ್ನುವುದನ್ನು ಆಕಾಶ ತಿಳಿಯಾಗಿರುವಾಗಲೇ ಕೂತು ಮಾತಾಡಿ, ಬರೆದಿಟ್ಟುಕೊಳ್ಳುತ್ತೇವೆ.