ಕೆಂಚನ ಕಾಗದಗಳು

ನಮ್ಮ ನಾಯಿ ಕೆಂಚ ಹೋದದ್ದು ಟಿಕ್ ಫೀವರ್‌ನಿಂದ, ಅಂದರೆ ಉಣ್ಣೆ ಹುಳ ಕಚ್ಚಿ ಬರುವ ಜ್ವರದಿಂದ. ಕಾಯಿಲೆಯ ಹೆಸರು ನಮಗೆ ಗೊತ್ತಾದದ್ದು ಅವನು ಹೋಗುವ ಹಿಂದಿನ ಸಂಜೆ. ಅದಕ್ಕೂ ಮುಂಚೆ ಮನೆ ಹತ್ತಿರದ ಕ್ಲಿನಿಕ್ಕಿಗೆ ಮತ್ತೆ ಮತ್ತೆ ಕರೆದುಕೊಂಡು ಹೋಗಿದ್ದೆವು. ಹೋದಾಗೆಲ್ಲ ಇಂಜೆಕ್ಷನ್ ಆಯಿತು, ಬಿಲ್ ಆಯಿತು. ರಕ್ತ ಪರೀಕ್ಷೆ ಮಾತ್ರ ಆಗಲಿಲ್ಲ. ಅವನು ಹೋದ ಮೇಲೆ ನಾನು ಏನೇನು ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಅಂಥ ಹೊತ್ತಲ್ಲಿ ಏನು ಮಾಡಬಹುದು ಅಂತ ಹೇಳಿಕೊಡುವವರು ನನಗೆ ಯಾರೂ ಸಿಕ್ಕಿರಲಿಲ್ಲ.

ಕೆಂಚ ತುಮಕೂರಿನ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿ. ಮಳೆಗಾಲದಲ್ಲಿ ಗೇಟಿನ ಒಳಗೆ ಬಂದವನು ಹೊರಗೆ ಹೋಗಲೇ ಇಲ್ಲ. ಊಟ ಬಿಡುವ ಜಾತಿಯಲ್ಲ. ಕುಕ್ಕರ್ ವಿಸಿಲ್ ಕೇಳಿದರೆ ಅಡುಗೆಮನೆ ಬಾಗಿಲಿಗೆ ಬಂದು ಕೂತುಬಿಡುತ್ತಿದ್ದ. ಹಾಗಿದ್ದವನು ಒಂದು ದಿನ ಅನ್ನ ಮೂಸಿ ಸುಮ್ನೆ ಹೋಗಿ ಮಲಗಿದ. ಮೈ ಸುಡುತ್ತಿತ್ತು. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಹುಳ ಕಚ್ಚಿಕೊಂಡಿದ್ದವು. ಅದನ್ನೂ ಡಾಕ್ಟರಿಗೆ ತೋರಿಸಿದೆ.

"ಬಿಸಿಲು ಜಾಸ್ತಿ ಅಲ್ವೇನಮ್ಮಾ, ಹೊಟ್ಟೆ ಕೆಟ್ಟಿದೆ. ಎರಡು ದಿನ ಮೊಸರನ್ನ ಹಾಕಿ" ಅಂದರು. ಜ್ವರದ ಇಂಜೆಕ್ಷನ್ ಕೊಟ್ಟರು. ಸಂಜೆಗೆ ಎದ್ದು ಓಡಾಡಿದ, ನಮಗೂ ಸಮಾಧಾನ ಆಯಿತು. ಮತ್ತೆ ಜ್ವರ ಬಂತು, ಮತ್ತೆ ಅದೇ ಇಂಜೆಕ್ಷನ್ ಆಯಿತು. "ಸರ್, ರಕ್ತ ಪರೀಕ್ಷೆ ಮಾಡಿಸೋಣ್ವಾ?" ಅಂತ ಕೇಳಿದೆ. "ಏನೂ ಬೇಡ, ಸುಮ್ನೆ ದುಡ್ಡು ದಂಡ" ಅಂದರು. ಆ ಉತ್ತರ ಈಗಲೂ ಕಿವಿಯಲ್ಲಿದೆ.

ಆಮೇಲೆ ಒಂದು ಮಧ್ಯಾಹ್ನ ಕೆಂಚನ ಮೂಗಿನಿಂದ ರಕ್ತ ಬಂತು. ತುಟಿ ಎತ್ತಿ ನೋಡಿದರೆ ವಸಡು ಬೆಳ್ಳಗಾಗಿತ್ತು. ಹೊಟ್ಟೆಯ ಮೇಲೆ, ಕೂದಲು ಕಡಿಮೆ ಇರುವ ಕಡೆ, ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳು. ಬೇರೆ ಕಡೆ ಕರೆದುಕೊಂಡು ಹೋಗಿ ಪರೀಕ್ಷೆಗೆ ರಕ್ತ ಕೊಟ್ಟೆವು. ರಕ್ತ ಹೆಪ್ಪುಗಟ್ಟಿಸುವ ಕಣಗಳು, ಪ್ಲೇಟ್‌ಲೆಟ್, 14,000 ಇತ್ತು. ಆರೋಗ್ಯವಾಗಿರುವ ನಾಯಿಗೆ ಸುಮಾರು 2 ಲಕ್ಷದ ಮೇಲೆ ಇರಬೇಕು. ಆ ರಾತ್ರಿ ರಕ್ತ ಕೊಡುವ ನಾಯಿಗಾಗಿ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆವು. ಬೆಳಗಾಗುವ ಮುಂಚೆಯೇ ಕೆಂಚ ಹೋದ. ತಲೆ ನನ್ನ ಮಗಳ ತೊಡೆಯ ಮೇಲಿತ್ತು.

ಮೊದಲ ಕೆಲವು ದಿನ ನನಗೆ ದುಃಖಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಪಕ್ಕದ ಮನೆಯವರು "ನಾಯಿ ತಾನೆ ಬಿಡಿ ಅಕ್ಕ, ಇನ್ನೊಂದು ತಂದರಾಯ್ತು" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಆದರೂ ಅವರ ಜೊತೆ ಆಮೇಲೆ ತುಂಬ ದಿನ ಮಾತು ಬರಲಿಲ್ಲ. ನಿದ್ದೆ ಬಾರದ ಒಂದು ರಾತ್ರಿ ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕೂತೆ. ಯಾವ ದಿನ ಊಟ ಬಿಟ್ಟ, ಯಾವ ದಿನ ಕ್ಲಿನಿಕ್ಕಿಗೆ ಹೋದೆವು, ಏನು ಹೇಳಿದೆವು, ಅವರು ಏನಂದರು. ತಾರೀಕು ನೆನಪಿಲ್ಲದ ಕಡೆ ಫೋನ್‌ಪೇ ತೆಗೆದು ನೋಡಿದೆ, ದುಡ್ಡು ಕಟ್ಟಿದ ದಿನ ಅಲ್ಲಿ ಸಿಕ್ಕಿತು. ಗ್ಯಾಲರಿಯಲ್ಲಿದ್ದ ಫೋಟೋಗಳಲ್ಲೂ ತಾರೀಕು ಇತ್ತು. ಒಂದು ಫೋಟೋದಲ್ಲಿ ಕೆಂಚ ಬಾಯಿ ತೆರೆದು ಆಕಳಿಸುತ್ತಿದ್ದಾನೆ, ವಸಡು ಆಗಲೇ ಬಿಳಿಚಿಕೊಂಡಿದೆ. ಮಾರನೇ ದಿನ ನಾವು ಕ್ಲಿನಿಕ್ಕಿನಲ್ಲಿದ್ದೆವು.

ನಂತರ ಕ್ಲಿನಿಕ್ಕಿಗೆ ಹೋಗಿ ಕೇಸ್ ಶೀಟ್ ಕೇಳಿದೆ. ಜಗಳ ಮಾಡಲಿಲ್ಲ. "ನಮ್ಮ ನಾಯಿಗೆ ಕೊಟ್ಟ ಔಷಧಿಗಳ ವಿವರ, ತಾರೀಕು ಮತ್ತು ಡೋಸ್ ಸಮೇತ ದಯವಿಟ್ಟು ಕೊಡಿ" ಅಂತ ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಬಂದೆ. ಬಾಯಲ್ಲಿ ಕೇಳಿದಾಗ ನಾಳೆ ಬನ್ನಿ ಅಂತಿದ್ದವರು, ಬರೆದು ಕೊಟ್ಟ ಮೇಲೆ ಕೊಟ್ಟರು.

ಆ ಕಾಗದ, ಲ್ಯಾಬ್ ರಿಪೋರ್ಟ್, ನನ್ನ ನೋಟ್‌ಬುಕ್ ಮೂರನ್ನೂ ಇಟ್ಟುಕೊಂಡು ಬೆಂಗಳೂರಿನಲ್ಲಿ ಇನ್ನೊಬ್ಬ ಹಿರಿಯ ಪಶುವೈದ್ಯೆಯ ಹತ್ತಿರ ಹೋದೆ. ನಾಯಿಯಿಲ್ಲದೆ ಬರೀ ಕಾಗದ ಹಿಡಿದು ಬಂದವಳನ್ನು ಅವರು ಕೂರಿಸಿಕೊಂಡು ಒಂದೊಂದೇ ಸಾಲು ಓದಿ ಹೇಳಿದರು. ನನ್ನ ಮನಸ್ಸು ಸ್ವಲ್ಪ ತಹಬಂದಿಗೆ ಬಂದದ್ದು ಅವತ್ತು.

ನಾನು ತಿಳಿದುಕೊಂಡದ್ದು ಇಷ್ಟು. ನಾಯಿಗಳಲ್ಲಿ ಟಿಕ್ ಫೀವರ್ ಅನ್ನುವುದು ಒಂದೇ ಕಾಯಿಲೆ ಅಲ್ಲ. ಎರ್ಲಿಕಿಯಾ, ಬಬೇಸಿಯಾ ಹೀಗೆ ಬೇರೆ ಬೇರೆ ಜೀವಿಗಳು ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುತ್ತವೆ. ಔಷಧಿಯೂ ಬೇರೆ ಬೇರೆ, ಅದಕ್ಕೇ ಪರೀಕ್ಷೆ ಬೇಕು. ಕೆಂಚನಿಗೆ ಇದ್ದದ್ದು ಎರ್ಲಿಕಿಯಾ. ಇದಕ್ಕೆ ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ. ತೀರಾ ದುಬಾರಿ ಔಷಧಿಯೇನಲ್ಲ. ಕೇಸ್ ಶೀಟಿನಲ್ಲಿ ಎಲ್ಲೂ ಅದರ ಹೆಸರಿರಲಿಲ್ಲ. ಇದ್ದದ್ದು ಮೆಲಾಕ್ಸಿಕಾಂ, ಬಿ ಕಾಂಪ್ಲೆಕ್ಸ್, ವಾಂತಿಯ ಔಷಧಿ. ಮೆಲಾಕ್ಸಿಕಾಂ ಜ್ವರ ಮತ್ತು ನೋವನ್ನು ಇಳಿಸುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ. ಪ್ಲೇಟ್‌ಲೆಟ್ ಕುಸಿದಿರುವ ನಾಯಿಗೆ ಆ ಥರದ ಔಷಧಿ ಕೊಟ್ಟರೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚುತ್ತದೆ. ಇದೇನು ಹೊಸದಾಗಿ ಬಂದ ಕಾಯಿಲೆಯೂ ಅಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ನೂರಕ್ಕೂ ಹೆಚ್ಚು ನಾಯಿಗಳು ಇದರಿಂದಲೇ ಸತ್ತವು, ಅವಕ್ಕೂ ಮೂಗಿನಿಂದ ರಕ್ತ ಬರುತ್ತಿತ್ತು.

"ಮೊದಲೇ ಮಾತ್ರೆ ಶುರು ಮಾಡಿದ್ದರೆ ಬದುಕುತ್ತಿದ್ದನಾ ಮೇಡಂ?" ಅಂತ ಕೇಳಿಯೇಬಿಟ್ಟೆ. "ಅವಕಾಶ ಚೆನ್ನಾಗಿತ್ತು. ಬದುಕೇಬಿಡುತ್ತಿದ್ದ ಅಂತ ನಾನು ಹೇಳಲಾರೆ" ಅಂದರು. ಗೊತ್ತಿರುವುದನ್ನು ಗೊತ್ತಿದೆ ಅಂತ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುವ ವೈದ್ಯರು ನಮಗೆ ಬೇಕಾಗಿದ್ದದ್ದು. ಆ ಕ್ಲಿನಿಕ್ಕಿನವರು "ನಮ್ಮಲ್ಲಿ ಪರೀಕ್ಷೆಯ ಸೌಲಭ್ಯ ಇಲ್ಲ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ" ಅಂತ ಒಂದು ಮಾತು ಹೇಳಿದ್ದರೆ ಅದೇ ರಾತ್ರಿ ಹೊರಡುತ್ತಿದ್ದೆವು.

ದೂರು ಕೊಡುವ ದಾರಿಗಳನ್ನೂ ವಿಚಾರಿಸಿದೆ. ಪಶುವೈದ್ಯರ ನೋಂದಣಿ, ನಡವಳಿಕೆ ಎಲ್ಲ 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆಯ ಕೆಳಗೆ ಬರುತ್ತದೆ, ರಾಜ್ಯದಲ್ಲೂ ಪರಿಷತ್ತು ಇದೆ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 2 ವರ್ಷದ ಒಳಗೆ. ಎಲ್ಲಿಗೆ ಹೋದರೂ ಕೇಳುವುದು ಕಾಗದ. ಸಾವಿನ ಕಾರಣದ ಬಗ್ಗೆ ಅನುಮಾನ ಇದ್ದರೆ ಮರಣೋತ್ತರ ಪರೀಕ್ಷೆಯೂ ಬೇಕಾಗುತ್ತದೆ. ಅದಕ್ಕೆ ದೇಹವನ್ನು ತಣ್ಣಗಿಟ್ಟು ಆದಷ್ಟು ಬೇಗ ಒಯ್ಯಬೇಕು, ಫ್ರೀಜರ್‌ನಲ್ಲಿ ಗಟ್ಟಿಯಾಗಿಸಬಾರದು. ಆ ಹೊತ್ತಿನಲ್ಲಿ ಇದೆಲ್ಲ ಯೋಚಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಹೇಳುತ್ತಿದ್ದೇನೆ, ಯಾರಿಗಾದರೂ ಬೇಕಾಗಬಹುದು.

ನಾನು ಆಯೋಗಕ್ಕೆ ಹೋಗಲಿಲ್ಲ. ನನಗೆ ಪರಿಹಾರದ ದುಡ್ಡು ಬೇಕಿರಲಿಲ್ಲ. ನಡೆದದ್ದನ್ನೆಲ್ಲ ಆ ಮೊದಲ ಕ್ಲಿನಿಕ್ಕಿನ ಡಾಕ್ಟರು ಪೂರ್ತಿ ಓದಬೇಕಿತ್ತು. ಲ್ಯಾಬ್ ರಿಪೋರ್ಟಿನ ಪ್ರತಿ ಇಟ್ಟು, ತಾರೀಕು ಸಮೇತ ಎರಡು ಪುಟ ಬರೆದು ಕಳಿಸಿದೆ. ಬೈಗುಳದ ಒಂದು ಪದ ಇರಲಿಲ್ಲ. ಕೊನೆಯಲ್ಲಿ, ಉಣ್ಣೆ ಇದ್ದು ಜ್ವರ ಬಂದ ನಾಯಿಗೆ ಇನ್ನು ಮೇಲೆ ರಕ್ತ ಪರೀಕ್ಷೆ ಬರೆಯುತ್ತೀರಾ ಅಂತ ಕೇಳಿದ್ದೆ.

ಅವರು ಫೋನ್ ಮಾಡಿದರು. "ಪರೀಕ್ಷೆ ಬರೆದರೆ ಜನ ನಮ್ಮನ್ನೇ ಬೈತಾರಮ್ಮಾ, ಕಮಿಷನ್‌ಗೆ ಬರೀತಾರೆ ಅಂತಾರೆ" ಅಂದರು. ಅದು ಸುಳ್ಳಲ್ಲ, ಹಾಗೆ ಮಾತಾಡುವವರನ್ನು ನಾನೂ ನೋಡಿದ್ದೇನೆ. ಆದರೆ ನಾನು ಪರೀಕ್ಷೆ ಮಾಡಿಸಿ ಅಂತ ಕೇಳಿದವಳು. ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದು, ಮಾಡಿಸಬೇಕಿತ್ತು" ಅಂದರು. ಅಷ್ಟು ಕೇಳಿದ ಮೇಲೆ ನನಗೆ ಅವರ ಮೇಲೆ ಪ್ರೀತಿಯೇನೂ ಬರಲಿಲ್ಲ, ಆ ಕ್ಲಿನಿಕ್ಕಿಗೆ ಮತ್ತೆ ಹೋಗಿಲ್ಲ. ಅವತ್ತು ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಬಂತು.

ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಸಿಂಗಾರಿ. ಬೆಂಗಳೂರಿನ ಡಾಕ್ಟರು ಕಾಗದ ಓದುತ್ತಾ ಕೇಳಿದ ಮೊದಲ ಪ್ರಶ್ನೆಯೇ "ಮನೆಯಲ್ಲಿ ಬೇರೆ ನಾಯಿ ಇದೆಯಾ?" ಅಂತ. ಇವಳು ಚೆನ್ನಾಗಿ ತಿಂದುಕೊಂಡು ಆಡಿಕೊಂಡೇ ಇದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಇವಳಲ್ಲೂ ಎರ್ಲಿಕಿಯಾ, ಪ್ಲೇಟ್‌ಲೆಟ್ ಆಗಲೇ ಇಳಿಯುತ್ತಿತ್ತು. ಈ ಸೋಂಕು ಹೊರಗೆ ಏನೂ ತೋರಿಸದೆ ತಿಂಗಳುಗಟ್ಟಲೆ ಒಳಗೇ ಇರಬಲ್ಲದು. ಅವಳಿಗೆ 28 ದಿನ ಮಾತ್ರೆ ಹಾಕಿದೆವು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಮಾಡುತ್ತಾಳೆ, ಅದಕ್ಕೆ ಮೊದಲು ಅನ್ನ, ಆಮೇಲೆ ಮಾತ್ರೆ.

ಮನೆಯನ್ನೂ ಬಿಡಲಿಲ್ಲ. ಉಣ್ಣೆ ತನ್ನ ಆಯುಸ್ಸಿನ ಹೆಚ್ಚು ಭಾಗ ಕಳೆಯುವುದು ನಾಯಿಯ ಮೈ ಮೇಲಲ್ಲ, ಗೋಡೆ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ. ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮೆಜಮಾನರು ಹಿತ್ತಲ ಗೋಡೆಯ ಬಿರುಕುಗಳಿಗೆಲ್ಲ ಸಿಮೆಂಟ್ ಮೆತ್ತಿದರು. ಕೆಂಚ ಮಲಗುತ್ತಿದ್ದ ಗೋಣಿಚೀಲ ಸುಟ್ಟರು. ಮಗಳು ಅದನ್ನು ಸುಡಬೇಡಿ ಅಂತ ಅತ್ತಳು, ಅವನ ಬೆಲ್ಟು ಅವಳ ಹತ್ತಿರವೇ ಇದೆ.

ಈಗ ಸಿಂಗಾರಿಗೆ ಒಂದು ಫೈಲ್ ಇದೆ. ವೈದ್ಯರ ಹತ್ತಿರ ಹೋದಾಗ ಕೊಟ್ಟ ಇಂಜೆಕ್ಷನ್ ಹೆಸರು ಅಲ್ಲೇ ಬರೆಸಿಕೊಳ್ಳುತ್ತೇನೆ. ಇದು ಏನು ಕಾಯಿಲೆ ಅಂತ ನಿಮ್ಮ ಅಂದಾಜು, ಎಷ್ಟು ದಿನದಲ್ಲಿ ಸುಧಾರಿಸಬೇಕು, ಸುಧಾರಿಸದಿದ್ದರೆ ಮುಂದೇನು ಅಂತ ಕೇಳುತ್ತೇನೆ. ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಜಾರಾಗಿದ್ದನ್ನು ನಾನು ನೋಡಿಲ್ಲ. ಕೋರ್ಸ್ ಮುಗಿದ ಮೇಲಿನ ಪರೀಕ್ಷೆಯಲ್ಲಿ ಅವಳ ಪ್ಲೇಟ್‌ಲೆಟ್ 2 ಲಕ್ಷ ದಾಟಿತ್ತು. ಯುಗಾದಿ ಕಳೆದ ಮೇಲೆ ಇನ್ನೊಂದು ಸಲ ಮಾಡಿಸಬೇಕು.