ತೂಕ ನೋಡುವ ಮುಂಚೆ ಒಂದು ಚೀಟಿ, ಒಂದು ಟೇಪು

ಹಾಸನದಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ. 22 ವರ್ಷದಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ. ಬ್ಲೌಸ್ ಹೊಲಿಸಲು ಬಂದವರಿಗೆ "ಮೈಕೈ ತುಂಬ್ಕೊಂಡು ಚೆನ್ನಾಗಿದ್ದೀರಿ" ಎನ್ನುತ್ತಿದ್ದವಳು ನಾನೇ. ಸೊರಗಿದವರನ್ನು "ಹುಷಾರಿಲ್ವಾ?" ಎಂದು ಕೇಳುತ್ತಿದ್ದವಳೂ ನಾನೇ. ನಾನು 52 ಕೆಜಿ, ಐದಡಿ ಎತ್ತರ. ಸಣ್ಣಗಿದ್ದೇನೆ, ನನಗೇನಾಗುತ್ತೆ ಅನ್ನೋ ಧೈರ್ಯ. ಹೋದ ವರ್ಷ ಖಾಲಿ ಹೊಟ್ಟೆಯ ಶುಗರ್ 118 ಬಂತು. 100ರ ಒಳಗಿರಬೇಕಿತ್ತು.

ಅದಕ್ಕೇ ಹೇಳುತ್ತೇನೆ, ತೂಕದ ಯಂತ್ರ ಹತ್ತುವ ಮುಂಚೆ ಒಂದು ಚೀಟಿ ಹಿಡಿಯಿರಿ. ನನ್ನ ಆರೋಗ್ಯ ಹೇಗಿದೆ? ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ. ಒಂದನ್ನು ಬರೆಯಿರಿ. ಸುಮ್ನೆ ಬರೆಯಬೇಡಿ. ಈ ವಾರ ಮೆಟ್ಟಿಲು ಹತ್ತುವಾಗ ಏದುಸಿರು ಬಂತಾ, ರಾತ್ರಿ ನಿದ್ದೆ ಬಂತಾ, ಸಂಜೆ ಹೊತ್ತಿಗೆ ಕಾಲು ಊದಿತ್ತಾ, ನೆನಪಿಸಿಕೊಳ್ಳಿ. ಆಮೇಲೆ ತೂಕ ನೋಡಿ. ಕಿಲೋ ಕಂಡ ಮೇಲೆ ಉತ್ತರ ತಿದ್ದಬೇಕು ಅನಿಸಿದರೆ, ಆರೋಗ್ಯದ ಮಾತನ್ನು ಇಷ್ಟು ದಿನ ಯಂತ್ರವೇ ಆಡಿದೆ ಅಂತ ತಿಳಿಯಿರಿ.

ಇನ್ನು ಟೇಪು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಹಿಡಿಯಬೇಡಿ. ಪಕ್ಕೆಲುಬಿನ ಕೊನೆ ಕೈಗೆ ಸಿಗುತ್ತೆ, ಸೊಂಟದ ಮೂಳೆಯ ಮೇಲ್ತುದಿಯೂ ಸಿಗುತ್ತೆ. ಎರಡರ ಮಧ್ಯದಲ್ಲಿ ಸುತ್ತಿ. ಹೊಟ್ಟೆ ಒಳಗೆ ಎಳೆಯದೆ, ಉಸಿರು ಬಿಟ್ಟ ಮೇಲೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಬಾರದು. ನನ್ನದು 86! ಕೈಕಾಲು ಕಡ್ಡಿ, ಕೊಬ್ಬೆಲ್ಲ ಹೊಟ್ಟೆಯಲ್ಲಿ. ಕೆಜಿ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಬಿಎಂಐ ನಮ್ಮವರಿಗೆ 23ರ ಒಳಗಿದ್ದರೆ ಒಳ್ಳೆಯದು. ನನ್ನದು 22.4. ಆ ಲೆಕ್ಕದಲ್ಲಿ ನಾನು ಪಾಸು, ಟೇಪಿನಲ್ಲಿ ಫೇಲು.

ನಮ್ಮಕ್ಕ 72 ಕೆಜಿ. ಚೀಟಿಯಲ್ಲಿ "ಚೆನ್ನಾಗಿಲ್ಲ" ಎಂದೇ ಬರೆದಳು. ಮಂಡಿ ನೋವಿದ್ದರೂ ಎರಡು ವರ್ಷ ಡಾಕ್ಟರ ಹತ್ತಿರ ಹೋಗಿರಲಿಲ್ಲ. "ಮೊದಲು ತೂಕ ಇಳಿಸು ಅಂತಾರೆ ಕಣೇ" ಅನ್ನುತ್ತಿದ್ದಳು. ನನಗೆ ತುಂಬಾ ಸಂಕಟ ಆಗಿದ್ದು ಇದಕ್ಕೇ. ತೂಕ ಜಾಸ್ತಿ ಇದ್ದರೆ ಮಂಡಿಗೆ ಭಾರ ನಿಜ, ಆದರೆ ನಾಚಿಕೆಯಿಂದ ನೋವು ಮುಚ್ಚಿಡಬೇಕಾ? ನೀವು ಹೋಗುವಾಗ ತೊಂದರೆಯನ್ನು ಬರೆದುಕೊಂಡು ಹೋಗಿ, ಅದನ್ನೇ ಮೊದಲು ಹೇಳಿ. ಶುಗರ್, ಬಿಪಿ ನೋಡಿಸಿ. ಅಕ್ಕನದು ಎರಡೂ ಸರಿಯಿತ್ತು. ತೊಡೆಗೆ ವ್ಯಾಯಾಮ ಹೇಳಿಕೊಟ್ಟರು, ಈಗ ದಿನಾ ಮಾಡುತ್ತಾಳೆ.

ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಮಾತ್ರ ಖುಷಿಪಡಬೇಡಿ. ಶುಗರ್, ಥೈರಾಯ್ಡ್, ಟಿಬಿ, ಯಾವುದಾದರೂ ಇರಬಹುದು. ಬ್ಲೌಸ್ ಸಡಿಲ ಆಯ್ತು, ಹಿಡಿಸಿ ಕೊಡಿ ಅಂತ ಯಾರಾದರೂ ಬಂದರೆ ನಾನೀಗ "ಊಟ ಬಿಟ್ಟಿದ್ದೀರಾ, ತಾನಾಗೇ ಇಳೀತಾ?" ಎಂದು ಕೇಳಿಯೇ ಹೊಲಿಗೆ ಬಿಚ್ಚುತ್ತೇನೆ.