ಪೆಡಲ್ ಸ್ಟೀಲ್ ಗಿಟಾರ್‌ಗೆ ತಂತಿ, ಪಿಕ್ ಆರಿಸುವುದು ಹೇಗೆ?

ಪೆಡಲ್ ಸ್ಟೀಲ್ ಅಂದರೆ ಕಾಲಲ್ಲಿ ಪೆಡಲ್ ಒತ್ತಿ ತಂತಿಯ ಸ್ವರ ಏರಿಳಿಸುವ ಗಿಟಾರ್. ಅದರ ಇ9 (E9) ಎಂಬ ಶ್ರುತಿಗೆ, ಅಂದರೆ ತಂತಿಗಳನ್ನು ಸ್ವರಕ್ಕೆ ಕೂಡಿಸುವ ಒಂದು ಕ್ರಮಕ್ಕೆ, 10 ತಂತಿಗಳ ಸೆಟ್ಟೇ ಬೇಕು. ಮೊದಲು ಹರಿಯುವುದು ಸಾಮಾನ್ಯವಾಗಿ 3ನೇ ತಂತಿ, ಅದು ಬರೀ 0.011 ಇಂಚಿನದು, ಎಲ್ಲಕ್ಕಿಂತ ತೆಳು, ಮೇಲಾಗಿ ಅದರ ಪೆಡಲ್ ಒತ್ತಿದಾಗಲೆಲ್ಲ ಇನ್ನಷ್ಟು ಬಿಗಿಯುತ್ತದೆ. ರಾಯಚೂರಿನಲ್ಲಿ ಕೂತು ನುಡಿಸುವವರು ಅದನ್ನು ಬಿಡಿಯಾಗಿ ಅರ್ಧ ಡಜನ್ ತರಿಸಿಟ್ಟುಕೊಳ್ಳಿ, ಹರಿದ ದಿನ ಸುಮ್ನೆ ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತದೆ.

ನಿಕಲ್ ತಂತಿಯ ದನಿ ಮೆತ್ತಗೆ, ಸ್ಟೇನ್‌ಲೆಸ್‌ನದು ಚುರುಕು. ನಮ್ಮ ಬಿಸಿಲಿಗೆ ಕೈ ಜಾಸ್ತಿ ಬೆವರುತ್ತದೆ ಅಲ್ವಾ, ಹಾಗಾಗಿ ನಾನು ಹೇಳುವುದು ಸ್ಟೇನ್‌ಲೆಸ್, ಅದು ಬೆವರಿಗೆ ಬೇಗ ಕೆಡುವುದಿಲ್ಲ. ನುಡಿಸಿದ ಮೇಲೆ ಹಳೇ ಪಂಚೆಯ ತುಂಡಿನಿಂದ ಒರೆಸಿ.

ಪಿಕ್ ಅಂದರೆ ತಂತಿ ಮೀಟಲು ಬೆರಳಿಗೆ ತೊಡುವ ಉಗುರಿನಂಥದ್ದು. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳು, ನಡುಬೆರಳಿಗೆ ಲೋಹದ್ದು. ಪ್ಲಾಸ್ಟಿಕ್‌ನದು ಬಿಗಿಯಾದರೆ ಬಿಸಿನೀರಲ್ಲಿ ಅದ್ದಿ ಸ್ವಲ್ಪ ಅಗಲಿಸಿ. ಲೋಹದ್ದನ್ನು ಬೆರಳ ತುದಿಗೆ ಒಪ್ಪುವಂತೆ ನಿಧಾನಕ್ಕೆ ಬಗ್ಗಿಸಿ.